ಮಗುವಿನ ಜೀವನಾಂಶದ ಬಾಕಿ ಲೆಕ್ಕ

ನನ್ನ ತಂಗಿಯ ಮಗನ ಹೆಸರಿನಲ್ಲಿ ನಾನೊಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಅದು. ತಿಂಗಳು, ಸಲ್ಲಬೇಕಾದ ಹಣ, ಸಂದ ಹಣ, ಬಾಕಿ, ಷರಾ ಎಂದು ಐದು ಕಾಲಂಗಳನ್ನು ಎಳೆದಿದ್ದೇನೆ. ಮೊದಲ ಸಾಲು 2014ರ ಜೂನ್ ತಿಂಗಳದ್ದು. ಆಗ ಹುಡುಗನಿಗೆ ನಾಲ್ಕು ವರ್ಷ. ಈಗ ಹದಿನೈದು ತುಂಬಿ ಅವನು ಹತ್ತನೆಯ ತರಗತಿಯಲ್ಲಿದ್ದಾನೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಕೂಡಿಸಿ ಕಳೆಯುವುದು ಕಷ್ಟದ ಕೆಲಸವಲ್ಲ. ಆದರೆ ಒಂದು ಮಗುವಿಗೆ ಅದರ ತಂದೆಯಿಂದ ಸಲ್ಲಬೇಕಾದ ಹಣವನ್ನು ನ್ಯಾಯಾಲಯ ನಿಗದಿ ಮಾಡಿದ ಮೇಲೂ ಅದನ್ನು ಕೈಗೆ ತಂದುಕೊಳ್ಳುವುದು ಎಷ್ಟು ದೀರ್ಘವಾದ ಕೆಲಸವೆಂಬುದನ್ನು ಈ ಹನ್ನೊಂದು ವರ್ಷಗಳಲ್ಲಿ ಸಾಲು ಸಾಲಾಗಿ ಕಲಿತಿದ್ದೇನೆ. ಅದೇ ದಾರಿಯಲ್ಲಿ ಈಗ ಹೊರಟಿರುವ ತಾಯಂದಿರಿಗೆ ಇದು ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ತಂಗಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದದ್ದು 2013ರಲ್ಲಿ. ಯಾಕೆ ಬಂದಳು, ತಪ್ಪು ಯಾರದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ಅವರಿಬ್ಬರ ವಿಷಯ. ಎರಡೂ ಮನೆಯ ಹಿರಿಯರು ಕೂತು ಮಾತಾಡಿದ ದಿನ ನಮ್ಮ ಮುಂದೆ ಒಂದು ಛಾಪಾ ಕಾಗದ ಇಟ್ಟರು. ಒಡವೆಗಳನ್ನು ಹಿಂದಿರುಗಿಸುತ್ತಾರೆ, ಅದಕ್ಕೆ ಪ್ರತಿಯಾಗಿ ತಂಗಿ ತನಗಾಗಲೀ ಮಗುವಿಗಾಗಲೀ ಮುಂದೆ ಯಾವ ಜೀವನಾಂಶವನ್ನೂ ಕೇಳುವುದಿಲ್ಲವೆಂದು ಬರೆದುಕೊಡಬೇಕು ಎಂಬುದು ಅದರ ಸಾರ. "ಬರೆದುಕೊಟ್ಟು ಕೈ ತೊಳೆದುಕೋ ಮಗಳೇ, ಕೋರ್ಟಿಗೆ ಅಲೆದು ಯಾರು ಉದ್ಧಾರವಾಗಿದ್ದಾರೆ" ಎಂದು ನಮ್ಮ ಸೋದರಮಾವನೇ ಹೇಳಿದರು. ತಂಗಿ ಸಹಿ ಹಾಕಲಿಲ್ಲ. ಅಂಥ ಕಾಗದಕ್ಕೆ ಮಗುವಿನ ಮಟ್ಟಿಗೆ ಬೆಲೆಯಿಲ್ಲ ಎಂಬುದು ನಮಗೆ ತಿಳಿದದ್ದು ಆಮೇಲೆ. ಜೀವನಾಂಶ ಪಡೆಯುವ ಹಕ್ಕು ಮಗುವಿನದು, ತಾಯಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದೇ ಹೊರತು ಮಗುವಿನ ಹಕ್ಕನ್ನು ಬಿಟ್ಟುಕೊಡಲಾರಳು ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಂದು ಪರಸ್ಪರ ಒಪ್ಪಿಗೆಯ ವಿಚ್ಛೇದನದ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಈಗಲೂ ಎಷ್ಟೋ ಊರುಗಳಲ್ಲಿ ಇಂಥ ಕಾಗದಗಳಿಗೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸುತ್ತಾರೆ. ಹಾಗೆ ಸಹಿ ಹಾಕಿ ಬಂದವರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು.

2014ರ ಜೂನ್ ಮೊದಲ ವಾರ ಕೌಟುಂಬಿಕ ನ್ಯಾಯಾಲಯದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಅಡಿ ಅರ್ಜಿ ಹಾಕಿದೆವು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದು, ಅದರಲ್ಲಿ ಇದೇ ವಿಷಯ 144ನೆಯ ಕಲಮಿನಲ್ಲಿದೆ. ಈ ಕಲಮಿಗೆ ಧರ್ಮದ ಭೇದವಿಲ್ಲ, ತಂದೆತಾಯಿಯರ ಮದುವೆ ಸಿಂಧುವೋ ಅಲ್ಲವೋ ಎಂಬ ಪ್ರಶ್ನೆ ಮಗುವಿಗೆ ಅಡ್ಡಿಯಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಕಾಯ್ದೆ ಬೇರೆ ಇದ್ದರೂ ಮುಸ್ಲಿಂ ಮಕ್ಕಳು 125ನೆಯ ಕಲಮಿನಲ್ಲಿ ತಂದೆಯಿಂದ ಜೀವನಾಂಶ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 1997ರಲ್ಲಿಯೇ ಹೇಳಿದೆ. ಹಿಂದೂ ಕುಟುಂಬಗಳಿಗೆ ಇದರ ಜೊತೆಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೆಯ ಕಲಮೂ, ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮೂ ಇವೆ. 20ನೆಯ ಕಲಮು ತಂದೆಯನ್ನಷ್ಟೇ ಅಲ್ಲ, ತಾಯಿಯನ್ನೂ ಹೊಣೆಯಾಗಿಸುತ್ತದೆ. ಮಗು ತಂದೆಯ ಬಳಿ ಬೆಳೆಯುತ್ತಿದ್ದು ತಾಯಿ ದುಡಿಯುತ್ತಿದ್ದರೆ ಅವಳೂ ಕೊಡಬೇಕು.

ತಂಗಿಗೆ ಒಂದು ಸಹಕಾರ ಸಂಘದಲ್ಲಿ ಸಣ್ಣ ಸಂಬಳದ ಕೆಲಸವಿತ್ತು. ಎದುರು ವಕೀಲರು ಪಾಟಿ ಸವಾಲಿನಲ್ಲಿ ಅದನ್ನೇ ಹಿಡಿದುಕೊಂಡು, ದುಡಿಯುವ ತಾಯಿ ಮಗುವನ್ನು ಸಾಕಬಲ್ಲಳು, ತಂದೆ ಯಾಕೆ ಕೊಡಬೇಕು ಎಂದು ಕೇಳಿದರು. ಈ ವಾದಕ್ಕೆ ಉತ್ತರ 2000ನೆಯ ಇಸವಿಯ ಪದ್ಮಜಾ ಶರ್ಮಾ ಪ್ರಕರಣದಲ್ಲಿದೆ. ತಂದೆತಾಯಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರೂ ತಮ್ಮ ಆದಾಯದ ಪ್ರಮಾಣಕ್ಕೆ ತಕ್ಕಂತೆ ಮಗುವಿನ ಖರ್ಚನ್ನು ಹೊರಬೇಕು ಎಂದ ಸುಪ್ರೀಂ ಕೋರ್ಟ್, ಆ ಪ್ರಕರಣದಲ್ಲಿ ತಂದೆಯ ಪಾಲನ್ನು ತಾಯಿಯ ಪಾಲಿನ ಎರಡರಷ್ಟಾಗಿ ಹಂಚಿತು. ತಾಯಿಗೆ ಸಂಬಳ ಬರುತ್ತದೆಂಬ ಕಾರಣಕ್ಕೆ ತಂದೆಯ ಪಾಲು ಸೊನ್ನೆಯಾಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು: ಮಗು ಯಾರ ಬಳಿ ಇದೆಯೋ ಅವರ ಪಾಲು ಬರೀ ಹಣದಲ್ಲಿ ಮುಗಿಯುವುದಿಲ್ಲ. ಜ್ವರ ಬಂದ ರಾತ್ರಿ ಎಚ್ಚರವಿದ್ದವರು, ಶಾಲೆಯ ಸಭೆಗೆ ರಜೆ ಹಾಕಿ ಹೋದವರು ಯಾರು ಎಂಬುದು ಯಾವ ಪ್ರಮಾಣಪತ್ರದಲ್ಲೂ, ಅಂದರೆ ಅಫಿಡವಿಟ್ಟಿನಲ್ಲೂ, ಕಾಣಿಸುವುದಿಲ್ಲ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. 2001ರ ತಿದ್ದುಪಡಿ ಈ ಮಾತನ್ನು ಸೇರಿಸಿತು. ಜೀವನಾಂಶ ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಹಳೆಯ ಮಿತಿಯನ್ನು ತೆಗೆದುಹಾಕಿದ್ದೂ ಅದೇ ತಿದ್ದುಪಡಿ. ನಮಗೆ ಮಧ್ಯಂತರ ಆದೇಶ ಸಿಕ್ಕಿದ್ದು ಹದಿನಾಲ್ಕು ತಿಂಗಳ ಮೇಲೆ, 2015ರ ಆಗಸ್ಟ್‌ನಲ್ಲಿ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅದು ಐದು ತಿಂಗಳು ಬಂತು, ನಿಂತಿತು. ಅಂತಿಮ ಆದೇಶ 2017ರ ಆಗಸ್ಟ್ 31ರಂದು ಬಂತು: ಅರ್ಜಿ ಹಾಕಿದ ತಿಂಗಳಿನಿಂದಲೇ ಅನ್ವಯವಾಗುವಂತೆ ತಿಂಗಳಿಗೆ 7,000 ರೂಪಾಯಿ. ಆ ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ಮೂವತ್ತೊಂಬತ್ತು ತಿಂಗಳಿಗೆ 2,73,000. ಅದರಲ್ಲಿ ಬಂದಿದ್ದ 20,000 ಕಳೆದರೆ 2,53,000. ಅಮ್ಮ ದೇವರ ಮುಂದೆ ದೀಪ ಹಚ್ಚಿದರು. ಪ್ರಕರಣ ಮುಗಿಯಿತೆಂದು ನಾವೆಲ್ಲರೂ ನಂಬಿದ್ದೆವು.

ಮುಗಿದಿರಲಿಲ್ಲ. ಅಂತಿಮ ಆದೇಶದ ನಂತರ ಒಂದು ರೂಪಾಯಿಯೂ ಬರಲಿಲ್ಲ. ಆದೇಶ ಎಂದರೆ ಹಣವಲ್ಲ. ಹಣ ಕೇಳುವ ಅಧಿಕಾರ ಮಾತ್ರ. ಆದೇಶವನ್ನು ಹಣವಾಗಿಸುವುದಕ್ಕೆ ಅಮಲ್ಜಾರಿ ಅರ್ಜಿ ಎಂಬ ಬೇರೆಯೇ ಅರ್ಜಿ ಬೇಕು, ಅದಕ್ಕೆ ಬೇರೆ ನಂಬರು, ಬೇರೆ ವಾಯಿದೆಗಳು, ಬೇರೆ ವಕಾಲತ್ತು. ಆ ಕೆಲಸವನ್ನು ಸರ್ಕಾರದ ಯಾವ ಇಲಾಖೆಯೂ ಮಾಡುವುದಿಲ್ಲ. ದಂಡ ಕಟ್ಟದವನಿಂದ ದಂಡ ವಸೂಲಿ ಮಾಡಲು, ತೆರಿಗೆ ಉಳಿಸಿಕೊಂಡವನಿಂದ ತೆರಿಗೆ ವಸೂಲಿ ಮಾಡಲು ಸರ್ಕಾರಕ್ಕೆ ತನ್ನದೇ ಸಿಬ್ಬಂದಿ ಇದ್ದಾರೆ. ನ್ಯಾಯಾಲಯವೇ ಆದೇಶಿಸಿದ ಮಗುವಿನ ಅನ್ನದ ಹಣವನ್ನು ಮಾತ್ರ ಆ ಮಗುವಿನ ತಾಯಿಯೇ ಬೆನ್ನುಹತ್ತಿ ತರಬೇಕು.

ಮೊದಲ ಅಮಲ್ಜಾರಿ ಅರ್ಜಿಯನ್ನು 2018ರ ಫೆಬ್ರವರಿಯಲ್ಲಿ ಹಾಕಿದೆವು. ಹಳೆಯ ಬಾಕಿ ಮತ್ತು ಆದೇಶದ ನಂತರದ ಐದು ತಿಂಗಳು ಸೇರಿ 2,88,000 ರೂಪಾಯಿ. ಕಾನೂನಿನ ಕ್ರಮ ಹೀಗಿದೆ: ಸಾಕಷ್ಟು ಕಾರಣವಿಲ್ಲದೆ ಕೊಡದಿದ್ದವರ ಮೇಲೆ ನ್ಯಾಯಾಲಯವು ದಂಡ ವಸೂಲಿಯ ರೀತಿಯಲ್ಲಿ ವಾರಂಟ್ ಹೊರಡಿಸಬಹುದು, ವಾರಂಟ್ ಜಾರಿಯಾದ ಮೇಲೂ ಉಳಿದ ಬಾಕಿಗೆ ಪ್ರತಿ ತಿಂಗಳಿನ ಜೀವನಾಂಶಕ್ಕೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮೊದಲೇ ಕಟ್ಟಿದರೆ ಕಟ್ಟುವವರೆಗೆ, ಸೆರೆವಾಸ ವಿಧಿಸಬಹುದು. ನ್ಯಾಯಾಲಯದ ಹಜಾರದಲ್ಲಿ ಎಲ್ಲರೂ ಎಫ್‌ಎಲ್‌ಡಬ್ಲ್ಯೂ (ಫೈನ್ ಲೆವಿ ವಾರಂಟ್) ಎಂದು ಕರೆಯುವ ಆ ವಾರಂಟು ಬೆಂಗಳೂರಿನ ಪೊಲೀಸ್ ಠಾಣೆಗೆ ಹೋಗಿ, "ಸದರಿ ವಿಳಾಸದಲ್ಲಿ ವಾಸವಿಲ್ಲ" ಎಂಬ ಷರಾದೊಂದಿಗೆ ಹಿಂದಿರುಗುತ್ತಿತ್ತು. ಕೆಲವು ಸಲ ಷರಾ ಸಹಿತ ಹಿಂದಿರುಗುತ್ತಲೂ ಇರಲಿಲ್ಲ. ಆಗ "ವಾರಂಟ್ ಕಾಯಲಾಗಿದೆ" ಎಂದು ಬರೆದು ಎರಡು ತಿಂಗಳ ಆಚೆಗೆ ವಾಯಿದೆ ಕೊಡುತ್ತಿದ್ದರು. ಒಬ್ಬ ಪೊಲೀಸ್ ಪೇದೆಯ ಕೈಯಲ್ಲಿ ಹತ್ತಾರು ವಾರಂಟುಗಳಿರುತ್ತವೆ, ಕೊಲೆ ದರೋಡೆಗಳ ನಡುವೆ ಇದು ಕೊನೆಯದು ಎಂಬುದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಹೊಸ ವಿಳಾಸ ಹುಡುಕಿ ಮೆಮೊ ಹಾಕುವುದು ತಂಗಿಯ ಕೆಲಸವಾಯಿತು. ಹುಡುಗನ ತಂದೆ ಮನೆ ಬದಲಿಸಿದಾಗಲೆಲ್ಲ ಪರಿಚಯದವರ ಮೂಲಕ ವಿಚಾರಿಸಿ, ಬಾಡಿಗೆ ಮನೆಯ ಗೇಟಿನ ಹೆಸರು, ಅಡ್ಡರಸ್ತೆಯ ನಂಬರು ಬರೆದುಕೊಂಡು ಬರುತ್ತಿದ್ದಳು. ಬಿಟ್ಟು ಬಂದ ಗಂಡನ ಮನೆಯನ್ನು ಹೀಗೆ ಬೀದಿ ಬೀದಿಯಲ್ಲಿ ಹುಡುಕುವುದು ಹೆಣ್ಣುಮಗಳಿಗೆ ಎಂಥ ಸಂಕಟವೆಂಬುದನ್ನು ನಾನು ಪಕ್ಕದಲ್ಲಿದ್ದು ನೋಡಿದ್ದೇನೆ.

ಈ ಮಧ್ಯೆ ನಮ್ಮಿಂದಲೇ ಒಂದು ತಪ್ಪಾಯಿತು. ಜೀವನಾಂಶದ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಅದರ ವಸೂಲಿಗೆ ವಾರಂಟ್ ಹೊರಡಿಸಬಹುದು. ಮೊದಲ ಅರ್ಜಿ ನಡೆಯುತ್ತಿರುವಾಗ ಮುಂದಿನ ತಿಂಗಳುಗಳ ಬಾಕಿ ತಾನಾಗಿಯೇ ಅದಕ್ಕೆ ಸೇರಿಕೊಳ್ಳುತ್ತದೆಂದು ನಾವು ಭಾವಿಸಿ ಸುಮ್ಮನಿದ್ದೆವು. ಎರಡನೆಯ ಅರ್ಜಿ ಹಾಕಿದ್ದು 2019ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ 2018ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳು ಒಂದು ವರ್ಷ ದಾಟಿದ್ದವು. 14,000 ರೂಪಾಯಿ ಅರ್ಜಿಯಿಂದ ಹೊರಗುಳಿಯಿತು. ಒಂದು ವರ್ಷದ ಈ ಮಿತಿ ವಾರಂಟಿನ ದಾರಿಗೆ ಮಾತ್ರ ಅಡ್ಡಿ, ಹಕ್ಕನ್ನೇ ಅಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಪೂಂಗೋಡಿ ಎಂಬವರ ಪ್ರಕರಣದಲ್ಲಿ ಹೇಳಿದೆ ನಿಜ. ಆದರೆ 14,000 ರೂಪಾಯಿಗಾಗಿ ಇನ್ನೊಂದು ದಾರಿ ಹಿಡಿದು ಇನ್ನೊಂದು ಪ್ರಕರಣ ಹೂಡುವ ತ್ರಾಣ ಯಾರಿಗಿರುತ್ತದೆ? ನೋಟ್‌ಬುಕ್ಕಿನ ಆ ಎರಡು ಸಾಲುಗಳ ಷರಾ ಕಾಲಂನಲ್ಲಿ "ಅವಧಿ ಮೀರಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಆದೇಶ ಕೈಯಲ್ಲಿರುವ ಪ್ರತಿಯೊಬ್ಬ ತಾಯಿಗೂ ನಾನು ಹೇಳುವ ಮೊದಲ ಮಾತು ಇದೇ: ಹಳೆಯ ಅರ್ಜಿ ಎಲ್ಲಿಗೆ ಬಂದಿದ್ದರೂ ಸರಿ, ವರ್ಷಕ್ಕೊಮ್ಮೆ, ಹನ್ನೆರಡು ತಿಂಗಳು ತುಂಬುವ ಮೊದಲು, ಹೊಸ ಅಮಲ್ಜಾರಿ ಅರ್ಜಿ ಹಾಕಲೇಬೇಕು.

2019ರ ಸೆಪ್ಟೆಂಬರ್‌ನಲ್ಲಿ ದಸ್ತಗಿರಿ ವಾರಂಟ್ ಜಾರಿಯಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಹುಡುಗನ ತಂದೆಯನ್ನು ಪೊಲೀಸರು ಕರೆತಂದರು. ಹಣವಿಲ್ಲ, ಕೆಲಸ ಸರಿಯಿಲ್ಲ, ಸಾಲವಿದೆ ಎಂದು ಎರಡು ವರ್ಷದಿಂದ ಆಕ್ಷೇಪಣೆ ಬರೆಸುತ್ತಿದ್ದವರಿಗೆ ಮಧ್ಯಾಹ್ನದ ಹೊತ್ತಿಗೆ 50,000 ರೂಪಾಯಿ ಸಿಕ್ಕಿತು. ಉಳಿದದ್ದನ್ನು ತಿಂಗಳಿಗೆ 15,000ದಂತೆ ಕಂತಿನಲ್ಲಿ ಕಟ್ಟುತ್ತೇನೆಂದು ಮೆಮೊ ಹಾಕಿ ಮನೆಗೆ ಹೋದರು. ನಾಲ್ಕು ಕಂತು ಬಂತು. ಜೈಲಿಗೆ ಹೋಗುವುದರಿಂದ ಬಾಕಿ ತೀರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ "ಒಂದು ತಿಂಗಳು ಒಳಗಿದ್ದು ಬಂದರೆ ಲೆಕ್ಕ ಚುಕ್ತಾ" ಎಂದು ನಂಬಿರುವ ಗಂಡಸರೂ ಇದ್ದಾರೆ, ಹಾಗೆ ಹೆದರಿರುವ ಹೆಂಗಸರೂ ಇದ್ದಾರೆ. ಸೆರೆವಾಸ ವಸೂಲಿಯ ಒಂದು ವಿಧಾನವೇ ಹೊರತು ಹಣ ಸಂದಾಯಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಕುಲದೀಪ್ ಕೌರ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಆದರೂ ಜೈಲನ್ನು ನಾನು ಮೆಚ್ಚಿದವಳಲ್ಲ. ಆ ದಿನ ಕಂಡ ದೃಶ್ಯ ನನಗೆ ಸಂತೋಷ ಕೊಡಲಿಲ್ಲ. ಕಟಕಟೆಯ ಪಕ್ಕ ಪೊಲೀಸರ ನಡುವೆ ನಿಂತಿದ್ದವರು ನಮ್ಮ ಹುಡುಗನ ತಂದೆ. ಅವನ ಮೂಗೂ ಹುಬ್ಬೂ ಅವರದೇ.

ಕೊಡಲಾರದವರಿಗೂ ಕೊಡಲು ಮನಸ್ಸಿಲ್ಲದವರಿಗೂ ಇರುವ ವ್ಯತ್ಯಾಸವನ್ನು ಕಾನೂನು ಗುರುತಿಸುತ್ತದೆ. "ಸಾಕಷ್ಟು ಕಾರಣವಿಲ್ಲದೆ" ಎಂಬ ಮಾತು ಅದಕ್ಕಾಗಿಯೇ ಇದೆ. ನನ್ನ ತರಗತಿಯ ಒಬ್ಬ ಹುಡುಗಿಯ ತಂದೆ ಆಟೋ ಓಡಿಸುವವರು, ಹೆಂಡತಿಯಿಂದ ದೂರವಿದ್ದರು. ಲಾಕ್‌ಡೌನ್ ತಿಂಗಳುಗಳಲ್ಲಿಯೂ ಐನೂರು, ಸಾವಿರ, ಕೈಗೆ ಬಂದಷ್ಟನ್ನು ಶಾಲೆಯ ಗೇಟಿನ ಬಳಿ ಮಗಳ ಕೈಗೆ ಕೊಟ್ಟುಹೋಗುತ್ತಿದ್ದರು. ರಸೀದಿ ಇರಲಿಲ್ಲ. ಮುಂದೆ ಬಾಕಿಯ ಲೆಕ್ಕ ಬಂದಾಗ ಆ ಹಣದಲ್ಲಿ ಒಂದು ಪೈಸೆಯನ್ನೂ ಸಾಬೀತು ಮಾಡಲು ಅವರಿಂದ ಆಗಲಿಲ್ಲ. ಅಂಥವರು ಎರಡು ಸಂಗತಿ ತಿಳಿದಿರಬೇಕು. ಎಷ್ಟೇ ಸಣ್ಣ ಮೊತ್ತವಾದರೂ ತಾಯಿಯ ಅಥವಾ ಮಗುವಿನ ಬ್ಯಾಂಕ್ ಖಾತೆಗೇ ಹಾಕಬೇಕು. ಆದಾಯ ಕುಸಿದರೆ ಸುಮ್ಮನೆ ಕೊಡುವುದನ್ನು ನಿಲ್ಲಿಸದೆ, ಮೊತ್ತ ಬದಲಿಸಿಕೊಡಿ ಎಂದು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಹಳೆಯ ಸಂಹಿತೆಯ 127ನೆಯ, ಹೊಸದರ 146ನೆಯ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಮೊತ್ತ ಏರಿಸಲು ತಾಯಿಗೂ ಅದೇ ಕಲಮು.

ಮಗುವನ್ನು ತೋರಿಸುವುದಿಲ್ಲ, ಹಾಗಾಗಿ ಕೊಡುವುದಿಲ್ಲ ಎಂಬ ಮಾತನ್ನು ನ್ಯಾಯಾಲಯದ ಹಜಾರದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಭೇಟಿಯ ಹಕ್ಕು ಬೇರೆ, ಜೀವನಾಂಶದ ಹೊಣೆ ಬೇರೆ. ಒಂದಕ್ಕೆ ಇನ್ನೊಂದು ಬೆಲೆಯಲ್ಲ. ಅದು ಎರಡೂ ಕಡೆಗೆ ಅನ್ವಯಿಸುತ್ತದೆ: ಹಣ ಬರಲಿಲ್ಲವೆಂದು ಮಗುವನ್ನು ತಡೆಹಿಡಿಯುವುದೂ ತಪ್ಪು. ತಂಗಿ ಒಂದು ಭಾನುವಾರವೂ ಮಗನನ್ನು ತಡೆಯಲಿಲ್ಲ. ಅವನು ಬಿಸಿಲಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಎರಡು ತಾಸು ಕಾದು ಹಿಂದಿರುಗಿದ ಭಾನುವಾರಗಳು ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ. ಅದಕ್ಕೆ ಕಾಲಂ ಎಳೆದಿರಲಿಲ್ಲ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಮತ್ತು ನ್ಯಾಯಮೂರ್ತಿ ಆರ್. ಸುಭಾಷ್ ರೆಡ್ಡಿ ಅವರ ಪೀಠ. ಆ ಪ್ರಕರಣದಲ್ಲಿಯೂ ಒಬ್ಬ ಚಿಕ್ಕ ಮಗನಿದ್ದ, ಅಲ್ಲಿಯೂ ಮಧ್ಯಂತರ ಜೀವನಾಂಶದ ಅರ್ಜಿ 2013ರಿಂದ ಎಳೆದಾಡುತ್ತಿತ್ತು. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಪಕ್ಷದವರು ತಮ್ಮ ಆದಾಯ, ಆಸ್ತಿ, ಸಾಲಗಳ ಪೂರ್ಣ ವಿವರವನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು, ಮಧ್ಯಂತರ ಅರ್ಜಿಯನ್ನು ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದು ಇಡೀ ದೇಶದ ನ್ಯಾಯಾಲಯಗಳಿಗೆ ಅದು ನಿರ್ದೇಶಿಸಿತು. ನಮ್ಮ ಪಾಲಿಗೆ ಅದರಲ್ಲಿದ್ದ ಮುಖ್ಯ ಸಂಗತಿ ಮಾತ್ರ ಬೇರೆ: ಜೀವನಾಂಶದ ಆದೇಶವನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಜಾರಿ ಮಾಡಬಹುದು. ಅಂದರೆ ವಾರಂಟು ಹಿಡಿದು ಮನುಷ್ಯನನ್ನು ಹುಡುಕುವ ಬದಲು ಅವನ ಸಂಬಳವನ್ನೇ ಜಪ್ತಿ ಮಾಡಬಹುದು. ಸಾಮಾನ್ಯ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಕಾನೂನು ಇಲ್ಲಿ ಹೆಚ್ಚು ಬಲ ಕೊಟ್ಟಿದೆ; ಆ ಸಂಹಿತೆಯ 60ನೆಯ ಕಲಮಿನ ಪ್ರಕಾರ ಜೀವನಾಂಶದ ಡಿಕ್ರಿಯ ಜಾರಿಯಲ್ಲಿ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ರಕ್ಷಣೆಯಿದೆ. ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆಯಡಿ ಆದೇಶ ಪಡೆದವರಿಗೆ 20ನೆಯ ಕಲಮಿನ 6ನೆಯ ಉಪಕಲಮಿನಲ್ಲಿ, ಸಂಬಳದ ಒಂದು ಭಾಗವನ್ನು ನೇರವಾಗಿ ಕೊಡುವಂತೆ ಉದ್ಯೋಗದಾತರಿಗೇ ಮ್ಯಾಜಿಸ್ಟ್ರೇಟರು ನಿರ್ದೇಶಿಸುವ ಅವಕಾಶವೂ ಇದೆ.

ಹಳೆಯ ವಕೀಲರ ಬಳಿಗೆ ಹೋಗಿ ಹೋಗಿ ಕೈ ಬರಿದಾಗಿತ್ತು. 2021ರಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆಂಬುದು ಏಳು ವರ್ಷ ನಮಗೆ ಯಾರೂ ಹೇಳಿರಲಿಲ್ಲ. ಅವರು ಕೊಟ್ಟ ಕಿರಿಯ ವಕೀಲೆ ಮೊದಲು ಪ್ರಮಾಣಪತ್ರ ಹಾಕಿಸಿದರು, ಅದರಲ್ಲಿ ಸಿಕ್ಕ ಉದ್ಯೋಗದಾತರ ಹೆಸರಿಗೆ ಸಂಬಳ ಜಪ್ತಿಯ ಆದೇಶ ತಂದರು. 2021ರ ಅಕ್ಟೋಬರ್‌ನಿಂದ ಪ್ರತಿ ತಿಂಗಳು 20,000 ರೂಪಾಯಿ, ಆ ತಿಂಗಳಿನ 7,000 ಮತ್ತು ಹಳೆಯ ಬಾಕಿಯ 13,000, ನ್ಯಾಯಾಲಯದ ಮೂಲಕ ಬರತೊಡಗಿತು. ಜಗಳವಿಲ್ಲ, ಪೊಲೀಸರಿಲ್ಲ, ಫೋನಿಲ್ಲ. ಹುಡುಗನಿಗೆ ಕನ್ನಡಕ ಕೊಂಡದ್ದು, ಜೂನ್‌ನಲ್ಲಿ ಸಾಲ ಮಾಡದೆ ಶಾಲೆಯ ಶುಲ್ಕ ಕಟ್ಟಿದ್ದು ಆಗಲೇ. ತಂಗಿ ಸಹಕಾರ ಸಂಘಕ್ಕೆ ವಾಯಿದೆಯ ರಜೆ ಕೇಳದೆ ಒಂದು ವರ್ಷ ಕಳೆದದ್ದೂ ಆಗಲೇ. ನೋಟ್‌ಬುಕ್ಕಿನಲ್ಲಿ ಷರಾ ಇಲ್ಲದ ಸಾಲುಗಳು ಅವು: ಹದಿನೇಳು.

2023ರ ಮಾರ್ಚ್‌ನಲ್ಲಿ ಹಣ ಬರಲಿಲ್ಲ. ವಿಚಾರಿಸಿದರೆ ಹುಡುಗನ ತಂದೆ ಫೆಬ್ರವರಿಯಲ್ಲಿಯೇ ರಾಜೀನಾಮೆ ಕೊಟ್ಟಿದ್ದರು. ಹೊಸ ಕೆಲಸ ಎಲ್ಲಿ ಎಂದು ಹಳೆಯ ಕಚೇರಿಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವ ಹೊಣೆ ಅದಕ್ಕಿಲ್ಲ. ಸಂಬಳ ಜಪ್ತಿಯ ಆದೇಶ ಉದ್ಯೋಗಿಯ ಬೆನ್ನಿಗೆ ಹೋಗುವುದಿಲ್ಲ. ಆ ಕಚೇರಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ನಾವು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಈ ಜಾಗದಲ್ಲಿ ನನಗೆ ಹೇಳಲೇಬೇಕಾದ ಮಾತಿದೆ. ಅವರು ಎಲ್ಲಿ ಕೆಲಸ ಮಾಡುತ್ತಾರೆಂಬುದು ತಂಗಿಗೆ ಗೊತ್ತಿಲ್ಲ, ನ್ಯಾಯಾಲಯಕ್ಕೆ ಗೊತ್ತಿಲ್ಲ. ಆದರೆ ಸರ್ಕಾರಕ್ಕೆ ಗೊತ್ತಿದೆ. ಭವಿಷ್ಯ ನಿಧಿಗೆ ಸೇರಿದ ಪ್ರತಿಯೊಬ್ಬ ಉದ್ಯೋಗಿಗೂ ಕಂಪನಿ ಬದಲಾದರೂ ಬದಲಾಗದ ಯುಎಎನ್ ಎಂಬ ಒಂದೇ ಸಂಖ್ಯೆ 2014ರಿಂದ ಇದೆ. ನಮ್ಮ ಅರ್ಜಿಗೂ ಆ ಸಂಖ್ಯೆಗೂ ಒಂದೇ ವಯಸ್ಸು. ಸಂಬಳದಿಂದ ಮೂಲದಲ್ಲೇ ಕಡಿದ ತೆರಿಗೆ ಪ್ಯಾನ್ ಸಂಖ್ಯೆಯ ಎದುರು ದಾಖಲಾಗುತ್ತದೆ. ಒಂದು ಜೀವನಾಂಶದ ಆದೇಶವನ್ನು ಈ ಸಂಖ್ಯೆಗಳಿಗೆ ಜೋಡಿಸಿ, ಕೆಲಸ ಬದಲಾದಾಗ ಹೊಸ ಉದ್ಯೋಗದಾತರಿಗೆ ನ್ಯಾಯಾಲಯದ ಆದೇಶ ತಾನಾಗಿ ತಲುಪುವಂತೆ ಮಾಡುವುದು ತಂತ್ರಜ್ಞಾನಕ್ಕೆ ದೊಡ್ಡ ಕೆಲಸವಲ್ಲ. ಅಂಥ ವ್ಯವಸ್ಥೆಗಳನ್ನು ಬೇರೆ ದೇಶಗಳಿಗೆ ಬರೆದುಕೊಡುವ ಊರು ನಮ್ಮ ಬೆಂಗಳೂರು.

ಅಮೆರಿಕದಲ್ಲಿ ಇದು ಇದೆ. 1975ರಲ್ಲಿ ಅಲ್ಲಿಯ ಸಾಮಾಜಿಕ ಭದ್ರತಾ ಕಾಯ್ದೆಗೆ ಸೇರಿಸಿದ ಭಾಗವೊಂದರ ಪ್ರಕಾರ ಮಕ್ಕಳ ಜೀವನಾಂಶ ವಸೂಲಿಗೆಂದೇ ಪ್ರತಿ ರಾಜ್ಯದಲ್ಲಿ ಸರ್ಕಾರಿ ವ್ಯವಸ್ಥೆಯಿದೆ. ತಾಯಿ ತಾನೇ ವಾರಂಟಿನ ಬೆನ್ನು ಹತ್ತಬೇಕಿಲ್ಲ. ಸಂಬಳದಿಂದ ನೇರ ಕಡಿತ ಅಲ್ಲಿ ಶಿಕ್ಷೆಯಲ್ಲ, ಸಾಮಾನ್ಯ ಕ್ರಮ. 1996ರ ಕಾನೂನಿನ ನಂತರ ಹೊಸದಾಗಿ ಯಾರನ್ನು ಕೆಲಸಕ್ಕೆ ತೆಗೆದುಕೊಂಡರೂ ಉದ್ಯೋಗದಾತರು ಸರ್ಕಾರಕ್ಕೆ ವರದಿ ಮಾಡಬೇಕು, ಜೀವನಾಂಶದ ಬಾಕಿದಾರರ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಬಾಕಿ 2,500 ಡಾಲರ್ ಮೀರಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಅಲ್ಲಿಯೂ ಎಲ್ಲವೂ ಸರಿಯಿದೆ ಎನ್ನಲಾರೆ. ಕೊಡಲು ನಿಜವಾಗಿ ಏನೂ ಇಲ್ಲದ ಬಡ ತಂದೆಯರನ್ನು ಜೈಲಿಗೆ ಹಾಕಿದ ಪ್ರಕರಣಗಳು ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿವೆ, ಮತ್ತು 2011ರಲ್ಲಿ ಆ ನ್ಯಾಯಾಲಯ ಜೈಲಿಗೆ ಕಳಿಸುವ ಮೊದಲು ಕೊಡುವ ಶಕ್ತಿ ಇದೆಯೇ ಎಂದು ಪರಿಶೀಲಿಸುವ ಕ್ರಮ ಇರಲೇಬೇಕೆಂದು ಹೇಳಿತು. ನಾನು ಬಯಸುವುದು ಜೈಲಿನ ಭಾಗವನ್ನಲ್ಲ, ಸಂಬಳದ ಭಾಗವನ್ನು.

ತಂದೆ ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದು ಮಗು ಇಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಸಂಸಾರಗಳು ನಮ್ಮ ಕರ್ನಾಟಕದಲ್ಲಿ ಈಗ ಅಪರೂಪವಲ್ಲ. ಅವರ ಪಾಡು ಇನ್ನೂ ಕಷ್ಟ. ಮಕ್ಕಳ ಜೀವನಾಂಶವನ್ನು ಒಂದು ದೇಶದ ಆದೇಶದಂತೆ ಇನ್ನೊಂದು ದೇಶದಲ್ಲಿ ವಸೂಲಿ ಮಾಡಿಸುವ 2007ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿಗೆ ಬಂದು ಹೋಗುವಾಗ ವಿಮಾನ ನಿಲ್ದಾಣದಲ್ಲಿ ತಡೆಯಬಹುದೇ ಎಂದರೆ, ಜೀವನಾಂಶದ ಬಾಕಿ ವಸೂಲಿಗಾಗಿ ಲುಕ್‌ಔಟ್ ಸುತ್ತೋಲೆ ಹೊರಡಿಸಲು ಬರುವುದಿಲ್ಲವೆಂದು ನಮ್ಮ ಹೈಕೋರ್ಟ್ 2023ರಲ್ಲಿ ಹೇಳಿದೆ. ಒಬ್ಬ ಮನುಷ್ಯನ ಓಡಾಟದ ಸ್ವಾತಂತ್ರ್ಯವನ್ನು ಸುಲಭವಾಗಿ ಕಟ್ಟಿಹಾಕಬಾರದು ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೆ ಅವನ ಸಂಬಳವನ್ನಾದರೂ ತಲುಪುವ ದಾರಿಯನ್ನು ಶಾಸನ ಮಾಡುವವರು ತೆರೆಯಬೇಕು.

ನಮ್ಮ ಪ್ರಕರಣ ಇಂದು ಎಲ್ಲಿದೆ ಎಂದರೆ, ಹೊಸ ಉದ್ಯೋಗದಾತರ ವಿವರ ಕೇಳಿ ವಕೀಲೆ ಹಾಕಿದ ಅರ್ಜಿಯ ಮೇಲೆ ಮತ್ತೊಮ್ಮೆ ಪ್ರಮಾಣಪತ್ರ ಸಲ್ಲಿಸುವಂತೆ ನ್ಯಾಯಾಲಯ ಹೇಳಿದೆ, ಅದಕ್ಕೆ ಎರಡು ಸಲ ಕಾಲಾವಕಾಶ ಕೇಳಲಾಗಿದೆ. 7,000 ರೂಪಾಯಿ ನಾಲ್ಕು ವರ್ಷದ ಮಗುವಿನ ಲೆಕ್ಕದಲ್ಲಿ ಬಂದ ಮೊತ್ತ. ಅದನ್ನು 15,000ಕ್ಕೆ ಏರಿಸಬೇಕೆಂಬ ಅರ್ಜಿ ಕಳೆದ ವರ್ಷದಿಂದ ಬಾಕಿಯಿದೆ. 2028ರಲ್ಲಿ ಅವನಿಗೆ ಹದಿನೆಂಟು ತುಂಬುತ್ತದೆ. ಅಲ್ಲಿಗೆ ಮುಂದಿನ ತಿಂಗಳುಗಳ ಪ್ರಶ್ನೆ ಬದಲಾಗುತ್ತದೆಯೇ ಹೊರತು ಹಿಂದಿನ ಬಾಕಿ ಹಾಗೆಯೇ ಉಳಿಯುತ್ತದೆ.

ಹೋದ ತಿಂಗಳು ಆರನೆಯ ಅಮಲ್ಜಾರಿ ಅರ್ಜಿಗೆ ಲೆಕ್ಕದ ಪಟ್ಟಿ ತಯಾರಿಸುತ್ತಿದ್ದಾಗ ಹುಡುಗ ಪಕ್ಕದಲ್ಲಿ ಬಂದು ಕೂತ. ಇಷ್ಟು ವರ್ಷ ಆ ಪುಸ್ತಕವನ್ನು ಅವನಿಂದ ಮರೆಮಾಡಿದ್ದೆವು. ಅವನು ಪುಟ ತಿರುವಿ ಬಾಕಿಯ ಕಾಲಂ ಮೇಲಿನಿಂದ ಕೆಳಗೆ ಬೆರಳಿಟ್ಟು ಕೂಡುತ್ತಾ ಬಂದು, ಒಂದು ಕಡೆ ನಿಲ್ಲಿಸಿ, "ದೊಡ್ಡಮ್ಮ, ಇಲ್ಲಿ ನೀವು ಒಂದು ಕಂತನ್ನು ಎರಡು ಸಲ ಕಳೆದಿದ್ದೀರಿ" ಎಂದ. ನೋಡಿದೆ; ಹೌದು, 13,000 ರೂಪಾಯಿ ಅವನ ಪಾಲಿನದು ನನ್ನ ತಪ್ಪಿನಿಂದ ಕಡಿಮೆಯಾಗಿತ್ತು. ತಿದ್ದಿ ಬರೆದು, ಪಟ್ಟಿಯ ಕೆಳಗೆ ದಿನಾಂಕ ಹಾಕಿ, ಬೆಳಿಗ್ಗೆ ವಕೀಲೆಗೆ ಕೊಟ್ಟು ಬಂದೆ.